ಜೆಲ್ ಎಷ್ಟು ಮೆತ್ತಗಿದೆ ಎಂದು ಅಳೆಯುವುದು ಹೇಗೆ?

ಜೆಲ್ ಮೆತ್ತಗಿದೆಯೇ ಎಂದು ನಾವು ಬೆರಳಿನಿಂದ ಒತ್ತಿ ನೋಡುತ್ತೇವೆ. ಪ್ರಯೋಗಾಲಯದಲ್ಲಿ ಅಷ್ಟು ಸಾಲದು. 2006ರಲ್ಲಿ ಆಡಮ್ ಎಂಗ್ಲರ್, ಡೆನ್ನಿಸ್ ಡಿಶರ್ ಮತ್ತು ಸಂಗಡಿಗರು ಕಾಂಡಕೋಶಗಳನ್ನು ಜೆಲ್ ಮೇಲೆ ಬೆಳೆಸಿದರು. ಸುಮಾರು 1 ಕಿಲೋಪಾಸ್ಕಲ್ ಗಟ್ಟಿತನದ ಜೆಲ್ ಮೇಲೆ ಅವು ನರಕೋಶದಂತಾದವು, 10ರ ಸುಮಾರಿನಲ್ಲಿ ಸ್ನಾಯುವಿನ ಕೋಶದಂತೆ, 30ರ ಆಸುಪಾಸಿನಲ್ಲಿ ಮೂಳೆಕೋಶದಂತೆ! ಇಲ್ಲಿ ಅಳತೆ ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ.

ಅಳೆಯಲು ಪರಮಾಣು ಬಲ ಸೂಕ್ಷ್ಮದರ್ಶಕ ಬಳಸುತ್ತಾರೆ. ತೆಳುಪಟ್ಟಿಯ ತುದಿಗೆ ಅಂಟಿಸಿದ ಪುಟ್ಟ ಗೋಲಿಯಿಂದ ಜೆಲ್ ಒತ್ತುತ್ತಾರೆ. ಪಟ್ಟಿ ಬಾಗಿದಷ್ಟು ಬಲ. ಆ ಬಲ ಮತ್ತು ಗೋಲಿ ಇಳಿದ ಆಳವನ್ನು ಹರ್ಟ್ಸ್ 1882ರಲ್ಲಿ ಪ್ರಕಟಿಸಿದ ಸೂತ್ರಕ್ಕೆ ಹಾಕಿದರೆ ಗಟ್ಟಿತನ ಸಿಗುತ್ತದೆ.

ತೊಡಕಿರುವುದು ಗೋಲಿ ಜೆಲ್‌ಗೆ ತಾಗಿದ ಕ್ಷಣವನ್ನು ಗುರುತಿಸುವುದರಲ್ಲಿ. ಮೆತ್ತನೆಯ ಮೇಲ್ಮೈ ಮೊದಲಿಗೆ ಪಟ್ಟಿಯನ್ನು ಬಾಗಿಸುವುದೇ ಇಲ್ಲ! ಸಾಲದ್ದಕ್ಕೆ ಜೆಲ್ ಗೋಲಿಗೆ ಅಂಟಿಕೊಳ್ಳುತ್ತದೆ. ಹರ್ಟ್ಸ್ ಸೂತ್ರದಲ್ಲಿ ಅಂಟಿನ ಲೆಕ್ಕವಿಲ್ಲ. ಜೆಲ್ ತೆಳುವಾಗಿದ್ದರೆ ಅಡಿಯ ಗಾಜಿನ ಗಟ್ಟಿತನವೂ ಲೆಕ್ಕದೊಳಗೆ ನುಸುಳುತ್ತದೆ.