ಎರಡು ತೀರಗಳ ಒಂದು ಪದ

ಅಮೆರಿಕದ ಪತ್ರಿಕೆಗಳಲ್ಲಿ ನಟರ, ಬರಹಗಾರರ ಪರಿಚಯ ಓದುವಾಗ 'ಬೈಕೋಸ್ಟಲ್' ಎಂಬ ವಿಶೇಷಣ ಎದುರಾಗುತ್ತದೆ. 'ಬೈ' ಎಂದರೆ ಎರಡು, 'ಕೋಸ್ಟ್' ಎಂದರೆ ಕರಾವಳಿ. ಉಭಯತೀರವಾಸಿ ಎಂದು ಕನ್ನಡಿಸಬಹುದೇನೋ. ಆದರೆ ಪದವನ್ನು ಬಿಡಿಸಿ ಅರ್ಥ ಹೇಳಿದರೆ ಸಾಲದು. ಇದಕ್ಕೂ ಕಡಲಿಗೂ ಅಂಥ ನಂಟಿಲ್ಲ. ನ್ಯೂಯಾರ್ಕಿನಲ್ಲೊಂದು ಮನೆ, ಲಾಸ್ ಏಂಜಲಿಸ್‌ನಲ್ಲೊಂದು ಮನೆ, ನಡುವೆ ವಿಮಾನದ ಓಡಾಟ: ಇಂಥವರೇ ಬೈಕೋಸ್ಟಲ್. ಎರಡು ತೀರದಲ್ಲೂ ಬಲೆ ಬೀಸುವ ಬೆಸ್ತನನ್ನು ಯಾರೂ ಹಾಗೆ ಕರೆಯುವುದಿಲ್ಲ!

ನಮ್ಮಲ್ಲಿ ವಿಜಯನಗರದ ಅರಸರಿಗೆ 'ಪೂರ್ವಪಶ್ಚಿಮ ಸಮುದ್ರಾಧೀಶ್ವರ' ಎಂಬ ಬಿರುದಿತ್ತು. ಅದು ಆಳುವವರ ಮಾತು. ಅಮೆರಿಕದ ಪದ ಬಾಳುವವರದು, 1970ರ ದಶಕದಲ್ಲಿ ಬಳಕೆಗೆ ಬಂದದ್ದು. ಅದಕ್ಕೆ ಕಾರಣವೂ ಇದೆ. 1959ರ ಜನವರಿಯಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಈ ಎರಡು ನಗರಗಳ ನಡುವೆ ಹಾರತೊಡಗಿದವು. ಸುಮಾರು 3,900 ಕಿಲೋಮೀಟರು ಐದಾರು ಗಂಟೆಯ ದಾರಿಯಾಯಿತು. 1972ರಲ್ಲಿ ಜಾನಿ ಕಾರ್ಸನ್ ತನ್ನ ಜನಪ್ರಿಯ ದೂರದರ್ಶನ ಕಾರ್ಯಕ್ರಮವನ್ನು ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್ ಬಳಿಯ ಬರ್ಬ್ಯಾಂಕಿಗೆ ಸಾಗಿಸಿದ.

ಅದಕ್ಕೂ ನೂರು ವರ್ಷ ಹಿಂದೆ ನೋಡಿ. 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಕ್ಕೆ ಹೊರಟವರು ದಕ್ಷಿಣ ಅಮೆರಿಕದ ತುದಿಯನ್ನು ಹಡಗಿನಲ್ಲಿ ಸುತ್ತಿ ಬರಲು ಐದಾರು ತಿಂಗಳು ಬೇಕಾಗುತ್ತಿತ್ತು. ಒಮ್ಮೆ ಹೋದವರು ಮರಳುವುದೇ ದೊಡ್ಡ ಮಾತು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಪೂರ್ವದಿಂದ ಬಂದ ಹಳಿಯೂ ಪಶ್ಚಿಮದಿಂದ ಬಂದ ಹಳಿಯೂ ಕೂಡಿದವು. ಪಯಣ ಒಂದು ವಾರಕ್ಕೆ ಇಳಿಯಿತು.

ಪಶ್ಚಿಮದ ಹಳಿ ಹಾಕಿದವರು ಬಹುಪಾಲು ಚೀನೀ ಕಾರ್ಮಿಕರು. ಸಿಯೆರಾ ನೆವಾಡದ ಕಗ್ಗಲ್ಲು ಕೊರೆದು, ಹಿಮಪಾತದಲ್ಲಿ ಸಿಕ್ಕಿ ಸತ್ತವರಿಗೆ ಲೆಕ್ಕವಿಟ್ಟವರಿಲ್ಲ. ಹಳಿ ಕೂಡಿದ ದಿನದ ಪ್ರಸಿದ್ಧ ಛಾಯಾಚಿತ್ರದಲ್ಲಿ ಅವರ ಮುಖ ಕಾಣುವುದಿಲ್ಲ. 1882ರಲ್ಲಂತೂ ಚೀನೀ ಕಾರ್ಮಿಕರು ದೇಶದೊಳಗೆ ಬರಕೂಡದೆಂದು ಕಾಯಿದೆಯೇ ಆಯಿತು. ಅದು ರದ್ದಾದದ್ದು 1943ರಲ್ಲಿ. ಎರಡು ತೀರಗಳನ್ನು ಬೆಸೆದವರಿಗೆ ಒಂದು ತೀರದಲ್ಲೂ ನೆಲೆ ಖಚಿತವಿರಲಿಲ್ಲ.

ಇನ್ನು ನಡುನಾಡಿನ ಮಾತು. ಬೈಕೋಸ್ಟಲ್ ಜನ ಅದನ್ನು 'ಫ್ಲೈಓವರ್ ಕಂಟ್ರಿ' ಎನ್ನುತ್ತಾರೆಂಬ ದೂರಿದೆ. ಮೇಲೆ ಹಾರಿಹೋಗುವುದಕ್ಕಷ್ಟೇ ಇರುವ ನಾಡು ಎಂದರ್ಥ. ಪ್ರಾಮಂಟರಿಯೂ ಆ ನಡುನಾಡಿನದೇ. ಮುಖ್ಯ ಮಾರ್ಗ 1904ರಲ್ಲಿ ಅದನ್ನು ಬಿಟ್ಟು ಬೇರೆಡೆ ಸರಿಯಿತು. 1942ರಲ್ಲಿ, ಯುದ್ಧಕ್ಕೆ ಕಬ್ಬಿಣ ಬೇಕೆಂದು, ಅಲ್ಲಿನ ಹಳೆಯ ಹಳಿಗಳನ್ನೂ ಕಿತ್ತೊಯ್ದರು.