‘ಎಲ್ಲವನ್ನೂ ಒಮ್ಮೆಗೇ’ ಎಂಬ ಓದು: ಕ್ವಾಂಟಮ್ ಗಣಕದ ವೇಗದ ಬಗ್ಗೆ ಒಂದು ಮರುವಿಚಾರ

ಕ್ವಾಂಟಮ್ ಗಣಕ ಏಕೆ ವೇಗ ಎಂದು ಕೇಳಿದರೆ ನಮ್ಮ ಜನಪ್ರಿಯ ವಿಜ್ಞಾನ ಬರಹಗಳು ಒಪ್ಪಿಸುವ ಉತ್ತರ ಒಂದೇ: ಅದು ಸಾಧ್ಯವಿರುವ ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರೀಕ್ಷಿಸುತ್ತದೆ. ಇದಕ್ಕೆ ಆಧಾರವೆಂದು ಡೇವಿಡ್ ಡಾಯ್ಚ್ ಅವರ 1985ರ ಪ್ರಬಂಧವನ್ನು ತೋರಿಸುವುದೂ ರೂಢಿ. ಆ ಪ್ರಬಂಧವನ್ನು ಪೂರ್ತಿ ಓದಿದವರು ಹೀಗೆ ಬರೆಯಲಾರರು ಎಂಬುದು ನನ್ನ ವಾದ.

ತಕರಾರು ಇರುವುದು ಅಲ್ಲಿನ ಷೇರುಪೇಟೆಯ ಉದಾಹರಣೆಯಲ್ಲಿ. ಒಂದು ಫಲನಕ್ಕೆ ಎರಡು ಬೆಲೆ. ಒಂದೊಂದನ್ನು ಲೆಕ್ಕ ಹಾಕಲು ಒಂದೊಂದು ದಿನ. ನಮಗೆ ಬೇಕಾದದ್ದು ಆ ಬೆಲೆಗಳೆರಡೂ ಒಂದೆಯೋ ಬೇರೆಯೋ ಎಂಬುದಷ್ಟೇ. ಸಾಮಾನ್ಯ ಗಣಕಕ್ಕೆ ಎರಡು ದಿನ ಹಿಡಿದರೆ ಕ್ವಾಂಟಮ್ ಗಣಕ ಒಂದೇ ದಿನದಲ್ಲಿ ಹೇಳಬಲ್ಲದು. ಇಷ್ಟಕ್ಕೇ ಪುಟ ಮುಚ್ಚಿದವರು ಬಹಳ. ಆದರೆ ಡಾಯ್ಚ್ ವಿಧಾನ ಫಲಿಸುವ ಸಂಭವನೀಯತೆ ಅರ್ಧ ಮಾತ್ರ. ಉಳಿದರ್ಧ ಸಲ ಉತ್ತರವೇ ಸಿಗದು, ಮತ್ತೆ ಮೊದಲಿನಿಂದ ಹಿಡಿಯಬೇಕು. ಸರಾಸರಿ ತೆಗೆದರೆ ಅವೇ ಎರಡು ದಿನ! ಸರಾಸರಿ ಕಾಲ ಇಳಿಯದೆಂದು ಡಾಯ್ಚ್ ಅವರೇ ಅಲ್ಲಿ ಒಪ್ಪಿದ್ದಾರೆ. (ಉತ್ತರ ಲೆಕ್ಕವಾದದ್ದು ಎಲ್ಲಿ ಎಂದು ಕೇಳಿ ಬಹುವಿಶ್ವಗಳತ್ತ ಬೆರಳು ತೋರಿದವರೂ ಅವರೇ. ಆ ಪ್ರಶ್ನೆಯನ್ನು ಎಲ್ಲರೂ ಎತ್ತಿಕೊಂಡರು, ಈ ಒಪ್ಪಿಗೆಯನ್ನು ಅಲ್ಲೇ ಬಿಟ್ಟರು.)

1998ರಲ್ಲಿ ಕ್ಲೀವ್, ಎಕರ್ಟ್, ಮಕಿಯಾವೆಲ್ಲೊ ಮತ್ತು ಮೋಸ್ಕಾ ಈ ವಿಧಾನವನ್ನು ಪ್ರತಿ ಸಲವೂ ಫಲಿಸುವಂತೆ ತಿದ್ದಿದರು. ಸಮಾಂತರ ಲೆಕ್ಕ ಅಷ್ಟೇ ಇತ್ತು. ಬದಲಾದದ್ದು ತಪ್ಪು ಉತ್ತರದ ಧನ, ಋಣ ಪಾರಗಳು (ಆಂಪ್ಲಿಟ್ಯೂಡ್) ಒಂದನ್ನೊಂದು ಅಳಿಸುವಂತೆ ಮಾಡಿದ ಏರ್ಪಾಡು. ವೇಗದ ಗುಟ್ಟು ಈ ವ್ಯತಿಕರಣ.

ಇದನ್ನು ವಿವರಿಸಲು ಹೊನವಾಡದವನಾದ ನಾನು ದೂರ ಹೋಗಬೇಕಿಲ್ಲ. ಸಿ.ವಿ. ರಾಮನ್ 1920ರ ದಶಕದ ಮೊದಲಲ್ಲಿ ಅಭ್ಯಾಸ ಮಾಡಿದ ಪಿಸುಮಾತಿನ ಗ್ಯಾಲರಿಗಳಲ್ಲಿ ನಮ್ಮ ವಿಜಯಪುರದ ಗೋಳಗುಮ್ಮಟವೂ ಒಂದು. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಅವರೂ ಸದರ್‌ಲ್ಯಾಂಡ್ ಅವರೂ ಪರೀಕ್ಷಿಸಿದಾಗ, ಗೋಡೆಯ ಬಳಿ ಸದ್ದು ಒಂದೆಡೆ ಏರಿ ಪಕ್ಕದಲ್ಲೇ ಇಳಿಯುವುದು ಕಂಡಿತು. ಇಂಥ ಗ್ಯಾಲರಿಗಳ ಬಗ್ಗೆ ರೇಲೆ ಕೊಟ್ಟಿದ್ದ ಸಿದ್ಧಾಂತದಲ್ಲಿ ವ್ಯತಿಕರಣದ ಈ ಏರಿಳಿತಕ್ಕೆ ಜಾಗವಿರಲಿಲ್ಲ. ಗುಮ್ಮಟ ಹತ್ತಿದವರೆಲ್ಲ ಮಾರ್ದನಿ ಎಷ್ಟು ಸಲ ಬಂತೆಂದು ಎಣಿಸುತ್ತಾರೆ. ಸದ್ದು ಎಲ್ಲಿ ಅಡಗಿತೆಂದು ಯಾರೂ ಹುಡುಕುವುದಿಲ್ಲ. ಸಮಾಂತರವಾದಿಗಳ ತಪ್ಪೂ ಇದೇ.

ಹೋಲಿಕೆಗೆ ಎಲ್ಲೆಯಿದೆ ಎಂಬುದನ್ನು ಮರೆಮಾಚಲಾರೆ. ಸದ್ದಿಗೂ ವ್ಯತಿಕರಣವಿದೆ, ಆದರೂ ಗುಮ್ಮಟ ಗಣಕವಲ್ಲ. ಪರಸ್ಪರ ಹೆಣೆದುಕೊಂಡ 50 ಕ್ಯೂಬಿಟ್‌ಗಳ (ಕ್ವಾಂಟಮ್ ಗಣಕದ ಬಿಟ್‌ಗಳ) ಸ್ಥಿತಿಯನ್ನು ಬರೆಯಲು 2ರ 50ನೇ ಘಾತದಷ್ಟು, ಅಂದರೆ ಸುಮಾರು 11 ಕೋಟಿ ಕೋಟಿ ಪಾರಗಳು ಬೇಕು. ಸಾಮಾನ್ಯ ಗಣಕ ಸೋಲುವುದು ಈ ಹೊರೆಗೆ. 1981ರಲ್ಲಿ ಫೈನ್‌ಮನ್ ಎತ್ತಿದ ಮೂಲ ಪ್ರಶ್ನೆಯೂ ಇದೇ. ಹೆಣಿಗೆ, ವ್ಯತಿಕರಣ ಎರಡೂ ಕೂಡಿದಾಗಲೇ ಲಾಭ.

ಇನ್ನೂ ಒಪ್ಪದವರಿಗೆ ಒಂದು ಲೆಕ್ಕ. ಕ್ರಮವಿಲ್ಲದೆ ಬರೆದ 10 ಲಕ್ಷ ಒಣದ್ರಾಕ್ಷಿ ಪೆಟ್ಟಿಗೆಗಳ ಪಟ್ಟಿಯಲ್ಲಿ ಒಂದೇ ಒಂದನ್ನು ಹುಡುಕಬೇಕೆನ್ನಿ. ಸಾಮಾನ್ಯ ಗಣಕ ಸರಾಸರಿ 5 ಲಕ್ಷ ಸಲ ನೋಡಬೇಕು. ಲವ್ ಗ್ರೋವರ್ 1996ರಲ್ಲಿ ಕೊಟ್ಟ ವಿಧಾನಕ್ಕೆ ಸುಮಾರು 785 ಸಲ ಸಾಕು. ವರ್ಗಮೂಲದ ಈ ಮಟ್ಟಕ್ಕಿಂತ ಕೆಳಗಿಳಿಯಲಾಗದೆಂದು ಬೆನೆಟ್, ಬರ್ನ್‌ಸ್ಟೈನ್, ಬ್ರಸಾರ್ಡ್ ಮತ್ತು ಉಮೇಶ್ ವಜಿರಾನಿ ಸಾಧಿಸಿದ್ದಾರೆ. ಎಲ್ಲವನ್ನೂ ಒಮ್ಮೆಗೇ ನೋಡುವಂತಿದ್ದರೆ ಒಂದೇ ನೋಟ ಸಾಕಿತ್ತಲ್ಲ?

ಪೀಟರ್ ಶೋರ್ 1994ರಲ್ಲಿ ಅಪವರ್ತನಕ್ಕೆ ಗ್ರೋವರ್‌ಗಿಂತ ಬಹಳ ದೊಡ್ಡ ಲಾಭ ತೋರಿಸಿದ್ದು ನಿಜ. ಆ ಲೆಕ್ಕದೊಳಗೆ ಒಂದು ಆವರ್ತವಿದೆ, ವ್ಯತಿಕರಣ ಅದನ್ನು ಹೆಕ್ಕಿ ತೆಗೆಯುತ್ತದೆ. ಅಂಥ ವಿನ್ಯಾಸವಿಲ್ಲದ ಪಟ್ಟಿಗೆ ಅಷ್ಟು ಲಾಭವಿಲ್ಲ. ಅಲ್ಲದೆ, ಸಾಮಾನ್ಯ ಗಣಕಕ್ಕೆ ವೇಗದ ಅಪವರ್ತನ ಅಸಾಧ್ಯವೆಂದು ಈವರೆಗೆ ಯಾರೂ ಸಾಧಿಸಿಲ್ಲ. ಆದ್ದರಿಂದ ಕನ್ನಡದಲ್ಲಿ ಪಠ್ಯ ಬರೆಯುವವರು ‘ಮೀರಿಸುತ್ತದೆ’ ಎನ್ನದೆ ‘ಮೀರಿಸಬಹುದು’ ಎನ್ನಲಿ. ಮೀರಿಸುವುದು ಎಂಥ ಲೆಕ್ಕದಲ್ಲಿ ಎಂಬುದನ್ನೂ ಜೊತೆಗೇ ಹೇಳಲಿ.