ಕಣ್ಣು ಮುಚ್ಚಿ ನಿಂತ್ಕೊಳ್ಳಿ

ಮುಖ ತೊಳೆಯುವಾಗ ಅಮ್ಮ ವಾಲಿ ಗೋಡೆ ಹಿಡಿದುಕೊಳ್ಳೋದು ಶುರುವಾಗಿ ಮೂರು ತಿಂಗಳಾಗಿತ್ತು. ಬಿಪಿ ಇರಬೇಕು, ವಯಸ್ಸಾಯ್ತಲ್ಲ ಅಂತ ನಾವೆಲ್ಲ ಸುಮ್ಮನಿದ್ವಿ. ಕೊನೆಗೆ ಕರೆದುಕೊಂಡು ಹೋದಾಗ ಡಾಕ್ಟರು ಯಾವ ಮಶೀನಿಗೂ ಕೈ ಹಾಕಲಿಲ್ಲ. "ಅಮ್ಮಾ, ಪಾದ ಎರಡೂ ಜೋಡಿಸಿ ನಿಂತ್ಕೊಳ್ಳಿ. ಈಗ ಕಣ್ಣು ಮುಚ್ಚಿ" ಅಂದರು. ಅಮ್ಮ ಓಲಾಡಿ ಇನ್ನೇನು ಬಿದ್ದಳು ಅನ್ನುವಷ್ಟರಲ್ಲಿ ಅವರೇ ಹಿಡಿದುಕೊಂಡರು.

ಇದಕ್ಕೆ ರಾಂಬರ್ಗ್ ಟೆಸ್ಟ್ ಅಂತ ಹೆಸರು. ಅವತ್ತು ರಾತ್ರಿ ಈ ರಾಂಬರ್ಗ್ ಯಾರು ಅಂತ ಹುಡುಕುತ್ತಾ ಕೂತವನು ಎದ್ದಾಗ ಎರಡು ಗಂಟೆ.

ಮೊರಿಟ್ಜ್ ರಾಂಬರ್ಗ್ ಬರ್ಲಿನ್ನಿನ ವೈದ್ಯ. 1840ರಿಂದ 1846ರವರೆಗೆ ಕಂತುಗಳಲ್ಲಿ ಬಂದ ತನ್ನ ನರರೋಗಗಳ ಪುಸ್ತಕದಲ್ಲಿ ಬೆನ್ನುಹುರಿ ಸವೆದ ರೋಗಿಗಳ ಬಗ್ಗೆ ಬರೆದಿದ್ದಾನೆ. ಕಣ್ಣು ಬಿಟ್ಟಿದ್ದರೆ ನಿಲ್ಲುತ್ತಾರೆ, ಮುಚ್ಚಿದರೆ ಓಲಾಡುತ್ತಾರೆ. (ಇದರ ಹಿಂದೆ ಸಿಫಿಲಿಸ್ ಇದೆ ಅಂತ ಖಚಿತವಾದದ್ದು ಎಷ್ಟೋ ವರ್ಷಗಳ ಮೇಲೆ.) ಅವರ ಕಾಲಲ್ಲಿ ಶಕ್ತಿ ಇರುತ್ತೆ. ಆದರೆ ಕಾಲು ಎಲ್ಲಿದೆ, ಮಂಡಿ ಎಷ್ಟು ಮಡಿಚಿದೆ ಅನ್ನೋ ಸುದ್ದಿ ಸ್ನಾಯು, ಕೀಲುಗಳಿಂದ ಹೊರಟು ಬೆನ್ನುಹುರಿಯ ಹಿಂಭಾಗದ ನರಗಳಲ್ಲಿ ಹತ್ತಿ ಮಿದುಳು ಸೇರಬೇಕಲ್ಲ, ಆ ದಾರಿ ಕೆಟ್ಟಿರುತ್ತೆ. ನಾವು ನೆಟ್ಟಗೆ ನಿಲ್ಲೋದು ಮೂರರ ಬಲದಿಂದ: ಕಣ್ಣು, ಒಳಗಿವಿ, ಮತ್ತು ಈ ಸುದ್ದಿ. ಎರಡಿದ್ದರೆ ಹೇಗೋ ನಡೆಯುತ್ತೆ. ಮುಖ ತೊಳೆಯೋಕೆ ಕಣ್ಣು ಮುಚ್ಚಿದ ಕೂಡಲೇ ಅಮ್ಮನಿಗೆ ಉಳಿಯುತ್ತಿದ್ದದ್ದು ಒಂದೇ.

ರಾಂಬರ್ಗ್‌ಗಿಂತ ಮೊದಲೇ ಈ ಸುದ್ದಿಯ ಜಾಡು ಹಿಡಿದವನು ಸ್ಕಾಟ್ಲೆಂಡಿನ ಸರ್ಜನ್ ಚಾರ್ಲ್ಸ್ ಬೆಲ್. ಅವನ ಕೃತಿಯನ್ನು ಜರ್ಮನ್‌ಗೆ ತಂದವನೂ ಇದೇ ರಾಂಬರ್ಗ್. ಮಿದುಳಿನಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ನರ ಒಂದು, ಸ್ನಾಯುವಿನ ಸ್ಥಿತಿಯನ್ನು ಮಿದುಳಿಗೆ ತಿಳಿಸುವ ನರ ಇನ್ನೊಂದು, ಎರಡೂ ಸೇರಿ ಒಂದು ವೃತ್ತ ಅಂತ ಬೆಲ್ 1826ರಲ್ಲಿ ವಾದಿಸಿದ. ಕೈಯ ಬಗ್ಗೆ 1833ರಲ್ಲಿ ಬರೆದ ಪುಸ್ತಕದಲ್ಲಿ ಒಬ್ಬ ಬಾಣಂತಿಯ ಪ್ರಸಂಗ ಬರುತ್ತೆ. ಪಾರ್ಶ್ವವಾಯು ಬಡಿದು ಅವಳ ಒಂದು ಕೈಯಲ್ಲಿ ಶಕ್ತಿ ಹೋಗಿದೆ, ಇನ್ನೊಂದರಲ್ಲಿ ಶಕ್ತಿ ಇದೆ, ಸ್ಪರ್ಶ ಇಲ್ಲ. ಮಗುವನ್ನೇ ನೋಡುತ್ತಿರುವಷ್ಟು ಹೊತ್ತು ಆ ಕೈ ಅದನ್ನು ಎದೆಗೆ ಒತ್ತಿ ಹಿಡಿಯುತ್ತೆ. ಗಮನ ಬೇರೆ ಕಡೆ ಹೋದರೆ ಕೈ ಮೆಲ್ಲಗೆ ಸಡಿಲಾಗುತ್ತೆ, ಮಗು ಜಾರುತ್ತೆ. ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಇದಕ್ಕೆ ಪ್ರೊಪ್ರಿಯೋಸೆಪ್ಷನ್ ಅಂತ ಹೆಸರು ಬಂದದ್ದು 1906ರಲ್ಲಿ, ಇಂಗ್ಲೆಂಡಿನ ಶೆರಿಂಗ್ಟನ್‌ನಿಂದ. ಪಂಚೇಂದ್ರಿಯ ಅಂತ ಬಾಯಿಪಾಠ ಮಾಡಿ ಪಾಸಾದ ನಮಗೆ ಇದನ್ನು ಯಾರೂ ಹೇಳಿಕೊಡಲೇ ಇಲ್ಲ.

ಅಮ್ಮನ ರಕ್ತದಲ್ಲಿ ಬಿ12 ತೀರಾ ಕಡಿಮೆ ಇತ್ತು. ಮೊದಲೇ ಸಸ್ಯಾಹಾರಿ, ಹಾಲು ಮೊಸರನ್ನೂ ಬಿಟ್ಟು ವರ್ಷಗಳಾಗಿದ್ದವು. ಬಿ12 ಇಲ್ಲದಿದ್ದರೆ ಹಾಳಾಗೋದು ಬೆನ್ನುಹುರಿಯ ಅದೇ ಹಿಂಭಾಗ. ಇಂಜೆಕ್ಷನ್ ಶುರುವಾಗಿದೆ. ತಡವಾದಷ್ಟೂ ವಾಪಸ್ ಬರೋದು ಕಡಿಮೆ ಅಂದಿದ್ದಾರೆ ಡಾಕ್ಟರು. ಆ ಮೂರು ತಿಂಗಳ ಲೆಕ್ಕ ನಾನಿನ್ನೂ ಹಾಕ್ತಾನೇ ಇದ್ದೀನಿ.

ಬಚ್ಚಲಲ್ಲಿ ಹಿಡಿ ಹಾಕಿಸಿದ್ದೀನಿ. ರಾತ್ರಿ ಹಾಲಿನ ಲೈಟ್ ಉರೀತಿರಲಿ ಅಂತ ಹೇಳಿದ್ದೀನಿ. ಕರೆಂಟ್ ಬಿಲ್ ನೋಡಿದ್ದೀಯಾ ಅಂತ ಗೊಣಗಿ ಅಮ್ಮ ಆರಿಸಿಬಿಡ್ತಾಳೆ. ನಾನು ಎದ್ದು ಹೋಗಿ ಮತ್ತೆ ಹಾಕ್ತೀನಿ.